ಕಂಬಿ ಕಟ್ಟುವವನಿಗೆ ಒಂದು ಸಹಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಯಾವ ಊರಲ್ಲಿ ಬಸ್ಸು ಇಳಿದರೂ ಕಣ್ಣಿಗೆ ಬೀಳುವುದು ಹೊಸ ಮಳಿಗೆ, ಅದರ ನೆತ್ತಿಯ ಮೇಲೆ ಆಕಾಶಕ್ಕೆ ಚಾಚಿದ ಕಬ್ಬಿಣದ ಕಂಬಿ. ನಾಳೆ ಮಾಲೀಕನ ಹೆಸರು ಬೋರ್ಡಿನ ಮೇಲೆ ಬರುತ್ತದೆ. ಕಂಬಿ ಕಟ್ಟಿದವನ ಕೆಲಸ ಮಾತ್ರ ಕಾಂಕ್ರೀಟಿನೊಳಗೆ ಹೂತುಹೋಗುತ್ತದೆ.

ಅದೇನು ಹಗುರ ಕೆಲಸವೆ? 16 ಮಿ.ಮೀ. ದಪ್ಪ, 12 ಮೀಟರ್ ಉದ್ದದ ಒಂದೇ ಕಂಬಿ ಸುಮಾರು 19 ಕೆ.ಜಿ. ತೂಗುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ಮುಟ್ಟಿದರೆ ಅಂಗೈ ಸುಡುತ್ತದೆ. ಅದನ್ನು ಮೇಲೇರಿಸಿ, ಬಗ್ಗಿಸಿ, ದಿನವಿಡೀ ಸೊಂಟ ಬಾಗಿಸಿ ತಂತಿ ಬಿಗಿಯಬೇಕು. ಕಾಂಕ್ರೀಟು ಭಾರ ಹೊರುತ್ತದೆ, ಎಳೆತ ತಾಳುವುದಿಲ್ಲ. ಎಳೆತ ತಾಳುವುದು ಕಂಬಿಯೇ. ರಿಂಗು ದೂರ ದೂರ ಕಟ್ಟಿದರೆ ಕಂಬಕ್ಕೆ ಬಲವಿಲ್ಲ. ಕವರ್ ಬ್ಲಾಕ್ ಇಡದೆ ಹೋದರೆ ಕಂಬಿ ತುಕ್ಕು ಹಿಡಿದು ಸ್ಲ್ಯಾಬು ಉದುರುತ್ತದೆ. ಆಗ ಬೈಗುಳಕ್ಕೆ ಮಾತ್ರ ಅವನ ನೆನಪು!

ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಮಗ್ಗುಲಲ್ಲೇ ಇವೆ. ಮಳೆ ಕೈಕೊಟ್ಟರೆ ಇಲ್ಲಿನ ಹುಡುಗರು ಮಾತ್ರ ಬೆಂಗಳೂರಿಗೆ ಗುಳೆ.

ಕಾನೂನು ಇಲ್ಲವೆ? ಇದೆ. 1996ರಲ್ಲಿ ಕೇಂದ್ರದ ಕಾಯ್ದೆ ಬಂತು, 2007ರಲ್ಲಿ ರಾಜ್ಯದ ಕಲ್ಯಾಣ ಮಂಡಳಿ ಬಂತು, 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳೂ ಬಂದವು. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಅಪಘಾತ ಪರಿಹಾರ, ಪಿಂಚಣಿ, ಮಕ್ಕಳ ಓದಿನ ನೆರವು ಎಲ್ಲಾ ಆ ಕಾರ್ಡಿನ ಮೇಲೆ.

ತೊಡಕಿರುವುದು ಆ 90 ದಿನದ ಪುರಾವೆಯಲ್ಲಿ. ಇಲ್ಲಿ ನಾಲ್ಕು ದಿನ, ಅಲ್ಲಿ ಆರು ದಿನ, ಕೂಲಿ ಮೇಸ್ತ್ರಿ ಕೈಯಿಂದ. "ಒಂದು ಸಹಿ ಹಾಕ್ರಿ ಸಾವ್ಕಾರ್ರೆ" ಅಂದರೆ "ಮೇಸ್ತ್ರಿನ ಕೇಳಪಾ" ಅನ್ನುವ ಉತ್ತರ. ಮೇಸ್ತ್ರಿ "ಮಾಲಕರ್ನ ಕೇಳು" ಅಂತಾನೆ. ಇತ್ತ ಇಟ್ಟಿಗೆ ಮುಟ್ಟದವರ ಜೇಬಿನಲ್ಲೂ ಕಾರ್ಡು ಸೇರಿದ ಸುದ್ದಿ ರಾಜ್ಯದಲ್ಲಿ ಹೊಸದೇನಲ್ಲ.

ಅಂಗಡಿ ಕಟ್ಟಿಸುವವರು ಮಾಡಬೇಕಾದ್ದು ದೊಡ್ಡದಲ್ಲ. ಸ್ಲ್ಯಾಬು ಹಾಕಿದ ದಿನ ಸಿಹಿ ಹಂಚುವಾಗಲೇ, ಕಂಬಿಯವನು ಎಷ್ಟು ದಿನ ದುಡಿದನೆಂದು ಚೀಟಿ ಬರೆದು ಸಹಿ ಹಾಕಲಿ. ಕಾರ್ಮಿಕ ಇಲಾಖೆಯವರು ಐದೂ ಊರಲ್ಲಿ ಸಂತೆಯ ದಿನ ಒಂದು ಮೇಜು ಹಾಕಿ, ಆ ಚೀಟಿಗಳನ್ನು ಕೂಡಿಸಿ ಪರಿಶೀಲಿಸಲಿ. ನಿಜವಾಗಿ ದುಡಿದವನು ಸಿಗುತ್ತಾನೆ, ಸುಳ್ಳಿನವನೂ ಸಿಕ್ಕಿಬೀಳುತ್ತಾನೆ.

ಲಕ್ಷಗಟ್ಟಲೆ ಸುರಿದು ಕಟ್ಟಿಸುವವರಿಗೆ ಒಂದು ಸಹಿಯ ಶಾಯಿ ದುಬಾರಿಯೇ?