ಭಜನೆಮನೆಯ ಹಾರ್ಮೋನಿಯಂ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂತಹ ಊರಿನಲ್ಲಿ ಸಂಗೀತ ಕಲಿತ ಹುಡುಗಿಯೊಬ್ಬಳು ಪಾಶ್ಚಾತ್ಯ ಸಂಗೀತಶಾಸ್ತ್ರದ ಮೇಲ್ದರ್ಜೆಯ ಪರೀಕ್ಷೆಗೆ ಕುಳಿತುಕೊಳ್ಳಲು ಬಯಸಿದಳೆನ್ನಿ. ಆಕೆ ವರ್ಣ, ಕೃತಿಗಳನ್ನು ಹಾಡಬಲ್ಲಳು, ಪಿಯಾನೋವನ್ನು ಕಂಡವಳಲ್ಲ. ಹಾರ್ಮನಿಯನ್ನು, ಎಂದರೆ ಹಲವು ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸುವ ಶಾಸ್ತ್ರವನ್ನು, ಆಕೆಗೆ ಯಾರೂ ಕ್ರಮವಾಗಿ ಹೇಳಿಕೊಟ್ಟಿಲ್ಲ. “ಇದು ನಿನ್ನಿಂದಾಗದ ಕೆಲಸ” ಎನ್ನುವವರೇ ಬಹುಮಂದಿ. ಅವರ ಮಾತನ್ನು ನಾನು ಒಪ್ಪಲಾರೆ.

ಲಂಡನ್ನಿನ ಅಸೋಸಿಯೇಟೆಡ್ ಬೋರ್ಡಿನ ಪರೀಕ್ಷೆಗಳಲ್ಲಿ ಎಂಟು ದರ್ಜೆಗಳಿವೆ. ಐದನೆಯದರವರೆಗೆ ಸ್ವರಲಿಪಿ, ಸ್ವರಶ್ರೇಣಿ, ಲಯಗಳಿಗೇ ಪ್ರಾಧಾನ್ಯ. ಆರರಿಂದ ಎಂಟರವರೆಗೆ ಹಾರ್ಮನಿಯ ಭಾರ ಹೆಚ್ಚು. ಆದರೆ ಈ ಹುಡುಗಿ ಬರಿಗೈಯವಳೇನೂ ಅಲ್ಲ. ಎಪ್ಪತ್ತೆರಡು ಮೇಳಗಳಲ್ಲಿ 29ನೆಯದಾದ ಧೀರಶಂಕರಾಭರಣದ ಸ್ವರಗಳೇ ಪಾಶ್ಚಾತ್ಯರ ಮೇಜರ್ ಶ್ರೇಣಿ. ಅದರ ಧೈವತವನ್ನೇ ಷಡ್ಜವೆಂದು ಭಾವಿಸಿ ಅವೇ ಸ್ವರಗಳನ್ನು ಹಾಡಿದರೆ 20ನೆಯ ಮೇಳವಾದ ನಟಭೈರವಿ ಮೂಡುತ್ತದೆ. ಅದೇ ಅವರ ಸಹಜ ಮೈನರ್ ಶ್ರೇಣಿ. ಶ್ರುತಿಭೇದವೆಂದು ನಾವು ಕರೆಯುವುದನ್ನು ಅವರು ಬೇರೆ ಹೆಸರಿನಿಂದ ಕರೆಯುತ್ತಾರೆ, ಅಷ್ಟೆ.

ಇನ್ನು ಭಜನೆಮನೆಯ ಹಾರ್ಮೋನಿಯಂ. ಅದರಲ್ಲಿ ಷಡ್ಜ, ಅಂತರಗಾಂಧಾರ, ಪಂಚಮಗಳನ್ನು ಒಟ್ಟಿಗೆ ಒತ್ತಿ ಕೇಳಬೇಕು. ಬಳಿಕ ಸಾಧಾರಣ ಗಾಂಧಾರವನ್ನು ಹಾಕಿ ಕೇಳಬೇಕು. ಬೆಳಗು ಮಸುಕಾದಂತೆ ಭಾಸವಾಗುತ್ತದೆ. ಪ, ನಿ, ರಿ, ಮ ಸ್ವರಗಳನ್ನು ಜೊತೆಯಾಗಿ ನುಡಿಸಿದರೆ ನಿಷಾದವು ಮೇಲಣ ಷಡ್ಜಕ್ಕೂ ಮಧ್ಯಮವು ಗಾಂಧಾರಕ್ಕೂ ಸರಿಯಲು ಹಾತೊರೆಯುವುದು ಕಿವಿಗೇ ತಿಳಿಯುತ್ತದೆ. ಹಾರ್ಮನಿಯ ಗ್ರಂಥಗಳು ಪುಟಗಟ್ಟಲೆ ವಿವರಿಸುವುದೂ ಇದನ್ನೇ.

ಕಷ್ಟವಿರುವುದು ನಾಲ್ಕು ಕಂಠಗಳಿಗೆ ಸ್ವರ ಬರೆಯುವಲ್ಲಿ. ಎರಡು ಕಂಠಗಳು ಷಡ್ಜ-ಪಂಚಮಗಳ ಅಂತರವನ್ನು ಉಳಿಸಿಕೊಂಡೇ ಜೊತೆಯಾಗಿ ಚಲಿಸಬಾರದೆಂಬ ನಿಯಮವೊಂದಿದೆ. ತಂಬೂರಿಯ ಪಂಚಮ-ಷಡ್ಜಗಳಲ್ಲೇ ಬೆಳೆದ ಕಿವಿಗೆ ಇದು ವಿಚಿತ್ರವೆನಿಸೀತು. ಗಮಕವನ್ನೂ ಕೆಲಕಾಲ ಬದಿಗಿಡಬೇಕು. ಬಾಖ್‌ನ ನಾಲ್ಕು ಕಂಠಗಳ ಕೀರ್ತನೆಗಳನ್ನು ದಿನಕ್ಕೊಂದರಂತೆ ನಕಲು ಮಾಡುವುದು ನೆರವಾಗುತ್ತದೆ. ಆದರೂ ಬರೆದುದನ್ನು ತಿದ್ದುವವರು ಬೇಕು. ಇದನ್ನು ಮುಚ್ಚಿಡುವುದು ಹುಡುಗಿಗೆ ಮೋಸ ಮಾಡಿದಂತೆ.

ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಇದೇ ದಾರಿಯನ್ನು ಆ ತುದಿಯಿಂದ ನಡೆದರು. ಮೊದಲು ಪಿಯಾನೋ ಕಲಿತು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅನಂತರ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದತ್ತ ಹೊರಳಿ 94 ಕೃತಿಗಳನ್ನು ರಚಿಸಿದರು. ಅರಮನೆಯಲ್ಲಿ ಪಿಯಾನೋ ಇತ್ತು, ಗುರುಗಳಿದ್ದರು. ಹೋಲಿಕೆ ಪೂರ್ಣ ನ್ಯಾಯವಾದುದಲ್ಲ, ಬಲ್ಲೆ. ಆದರೂ ಎರಡು ಸಂಗೀತಗಳ ನಡುವೆ ಗೋಡೆಯಿಲ್ಲವೆಂಬುದಕ್ಕೆ ಅವರು ಸಾಕ್ಷಿ.

ತಿದ್ದುವವರನ್ನು ಬೆಂಗಳೂರಿನಲ್ಲಿ ಹುಡುಕಬಹುದು. ಅಲ್ಲಿಯವರೆಗೆ ಸಂಜೆ ಒಂದು ಗಂಟೆ ಆ ಹಾರ್ಮೋನಿಯಂ ಆಕೆಯ ಕೈಗೆ ಸಿಗಬೇಕು. ಭಜನೆಮನೆಯ ಬೀಗದ ಕೈಯನ್ನು ಹುಡುಗಿಯೊಬ್ಬಳಿಗೆ ಕೊಡಲು ಊರಿನ ಹಿರಿಯರು ಒಪ್ಪಬೇಕಷ್ಟೆ.