ಕಾಲೂರುವ ಲೆಕ್ಕ

ಪಾದದ ಮೂಳೆ ಮುರಿದಾಗ ನಮ್ಮವರು ಡಾಕ್ಟರ್ ಹತ್ತಿರ ಕೇಳುವುದು, "ಡ್ಯೂಟಿಗೆ ಯಾವಾಗ ಹೋಗ್ಬಹುದು?" ಕೇಳಬೇಕಾದ್ದು ಬೇರೆ: "ಕಾಲು ಊರಬಹುದಾ? ಎಷ್ಟು ಭಾರ? ಯಾವತ್ತಿನಿಂದ?"

ಕಿರುಬೆರಳಿನ ಕಡೆಯ ಉದ್ದ ಮೂಳೆಯನ್ನೇ ನೋಡಿ. ಅದರ ಹಿಂತುದಿಯ ಚೂರು ಕಿತ್ತು ಬಂದಿದ್ದರೆ ಸಾಮಾನ್ಯವಾಗಿ ಬೂಟ್ ಹಾಕಿ, ನೋವು ತಡೆಯುವಷ್ಟು ನಡೆಯಲು ಬಿಡುತ್ತಾರೆ. ಸ್ವಲ್ಪ ಮುಂದೆ ಮುರಿದರೆ ಅದು ಜೋನ್ಸ್ ಫ್ರಾಕ್ಚರ್. ಅಲ್ಲಿ ರಕ್ತ ಸಂಚಾರ ಕಡಿಮೆ. ಆರರಿಂದ ಎಂಟು ವಾರ ಕಾಲೂರಬೇಡ ಎನ್ನುವುದುಂಟು. ಎತ್ತರದಿಂದ ಬಿದ್ದು ಹಿಮ್ಮಡಿ ಒಡೆದವರಿಗೆ ಮೂರು ತಿಂಗಳೂ ಆಗಬಹುದು. ರೂಮ್‌ಮೇಟ್ "ನಾನು ತಿಂಗಳಲ್ಲೇ ನಡೆದೆ" ಅಂದರೆ ಅದು ಅವನ ಮೂಳೆಯ ಕಥೆ.

"ಲೈಟ್ ಡ್ಯೂಟಿ" ಎಂಬ ಚೀಟಿ ನನಗೆ ಒಪ್ಪಿಗೆಯಿಲ್ಲ. ಸೂಪರ್‌ವೈಸರ್‌ಗೆ ಎಂಟು ಗಂಟೆ ಗೇಟಲ್ಲಿ ನಿಲ್ಲಿಸುವುದೂ ಲೈಟೇ. ಕಾಲೂರಬಾರದೆಂದು ತಾರೀಖು ಹಾಕಿ ಬರೆಸಿಕೊಳ್ಳಿ.

ಇನ್ನು ಸಂಬಳ. ಯುಎಇಯಲ್ಲಿ ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆ ಮುಗಿಯುವವರೆಗೆ, 6 ತಿಂಗಳ ಮಿತಿಯಲ್ಲಿ, ಪೂರ್ತಿ ಸಂಬಳವಿದೆ. ರೂಮಲ್ಲಿ ಜಾರಿ ಬಿದ್ದರೆ ಸಿಕ್ ಲೀವ್: ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 15 ದಿನ ಪೂರ್ತಿ, 30 ದಿನ ಅರ್ಧ, 45 ದಿನ ಏನೂ ಇಲ್ಲ. ಎಂಟು ವಾರ ಅಂದರೆ 56 ದಿನ, ಕೈಗೆ ಬರುವುದು 30 ದಿನದ್ದು. ಅದಕ್ಕೇ ಬೇಗ ಕಾಲೂರುತ್ತಾರೆ. ಮೂಳೆ ಕೂಡದೆ ಸ್ಕ್ರೂ ಹಾಕಿಸಬೇಕಾಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ, ಸಂಬಳದ ರಜೆಯೂ ಉಳಿದಿರಲ್ಲ. ಊರಲ್ಲಿರುವವರು ಎರಡು ತಿಂಗಳು ಹಣ ಕಡಿಮೆ ಬಂದಾಗ "ಯಾಕೆ" ಅಂತ ಕೇಳದಿದ್ದರೆ ದೊಡ್ಡ ಉಪಕಾರ.

ಡಾಕ್ಟರ್ ಊರು ಅಂದ ಮೇಲೂ ಹೆದರಿ ಮಲಗಬೇಡಿ, ಸುಮ್ಮನಿಟ್ಟ ಕಾಲು ಬಿಗಿಯುತ್ತದೆ. ರೂಮಿನವರು ಅಷ್ಟು ದಿನ ಕೆಳಗಿನ ಬಂಕ್ ಬಿಟ್ಟುಕೊಡಿ, ಬಾತ್‌ರೂಮ್ ನೆಲ ಒಣಗಿಸಿ ಬನ್ನಿ.