ಹುಟ್ಟೇ ಅಪರಾಧವೇ?

ಮನುಷ್ಯನನ್ನು ಅವನ ಕೃತಿಯಿಂದ ಅಳೆಯಬೇಕೇ ಹೊರತು ಕುಲದಿಂದಲ್ಲವೆಂಬುದು ನ್ಯಾಯದ ಮೊದಲನೆಯ ಪಾಠ. ಈ ಪಾಠವನ್ನು ಮರೆತ ಆಡಳಿತವು ಎಂತಹ ಅನರ್ಥಕ್ಕೆ ಕಾರಣವಾಗುವುದೆಂಬುದಕ್ಕೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇಟಲಿಯ ವೈದ್ಯ ಲೊಂಬ್ರೋಸೊ ಹುಟ್ಟು ಅಪರಾಧಿಯ ಲಕ್ಷಣಗಳನ್ನು ತಲೆಬುರುಡೆಯಲ್ಲಿ ಕಂಡೆನೆಂದು ಗ್ರಂಥ ಪ್ರಕಟಿಸಿದ್ದು 1876ರಲ್ಲಿ. ಆ ಸಿದ್ಧಾಂತಕ್ಕೆ ಕಾಯದೆಯೇ ಆಂಗ್ಲ ಅಧಿಕಾರಿಗಳು ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನೇ ಆಗುವನೆಂದು ವಾದಿಸಿ, ಇಲ್ಲಿ ಕಾಯಿದೆ ಮಾಡಿ ಮುಗಿಸಿದ್ದರು. ಶಾಸ್ತ್ರವು ತರುವಾಯ ಬಂದು ಅಧಿಕಾರಕ್ಕೆ ಸಮರ್ಥನೆಯನ್ನು ಒದಗಿಸಿತು. 1907ರಲ್ಲಿ ಅಮೇರಿಕದ ಇಂಡಿಯಾನಾ ಸಂಸ್ಥಾನವಂತೂ ಅಪರಾಧಿಗಳಿಗೆ ಸಂತಾನವೇ ಆಗದಂತೆ ಶಸ್ತ್ರಕ್ರಿಯೆ ಮಾಡಿಸುವ ಶಾಸನವನ್ನೇ ತಂದಿತು.

ನಮ್ಮ ಕಾಯಿದೆಯ ಬಿಗಿ ಎಂತಹದು? ಸರಕಾರವು ಒಂದು ಪಂಗಡವನ್ನು ಅಪರಾಧಿಯೆಂದು ಸಾರಿದರೆ ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಪಂಗಡದವರು ಹೆಸರು ನೋಂದಾಯಿಸಬೇಕು. ಪಾಸಿಲ್ಲದೆ ಊರು ಬಿಟ್ಟರೆ ಶಿಕ್ಷೆ. 1897ರ ತಿದ್ದುಪಡಿಯು ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಲು ಅವಕಾಶವಿತ್ತಿತು. 1911ರಲ್ಲಿ ಕಾಯಿದೆ ಇಡೀ ಬ್ರಿಟಿಷ್ ಹಿಂದುಸ್ತಾನಕ್ಕೆ ವ್ಯಾಪಿಸಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿಯೂ ಸೆಟ್ಲಮೆಂಟುಗಳು ಎದ್ದವು.

ಇವರಲ್ಲಿ ಅನೇಕರು ಹಿಂದೆ ಯಾರಾಗಿದ್ದರು? ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚರಂತಹ ವ್ಯಾಪಾರಿಗಳು. ರೈಲು ಬಂತು, ಸರಕಾರದ ಉಪ್ಪಿನ ನೀತಿ ಬಂತು. ಹೇರು ಇಳಿಯಿತು, ಅನ್ನ ಹೋಯಿತು. ಅನ್ನ ಕಸಿದುಕೊಂಡ ಆಡಳಿತವೇ ಹಸಿದವನ ರಕ್ತದಲ್ಲಿ ದೋಷವನ್ನು ಹುಡುಕಿತು. ವಂಶವಾದವು ಅಧಿಕಾರಿಗಳಿಗೆ ಇಷ್ಟೊಂದು ರುಚಿಸಿದ್ದೇಕೆಂಬುದು ಇಲ್ಲಿಯೇ ವ್ಯಕ್ತವಾಗುತ್ತದೆ: ಅದು ರುಜುವಾತಿನ ಶ್ರಮವನ್ನೂ ತಮ್ಮ ಹೊಣೆಯನ್ನೂ ಒಮ್ಮೆಗೇ ತಪ್ಪಿಸುತ್ತದೆ.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಈ ಕಾಯಿದೆಯನ್ನು ರದ್ದುಗೊಳಿಸಿತು. ಆದರೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ನಮ್ಮ ರಾಜ್ಯದಲ್ಲಿ 1961ರಲ್ಲಿ. ಅಕ್ಷರದಲ್ಲಿ ಇವು ವ್ಯಕ್ತಿಯ ಶಿಕ್ಷೆಗಳನ್ನು ಎಣಿಸುತ್ತವೆ, ಕುಲವನ್ನಲ್ಲ. ಆದರೂ ಕೆಲವು ಸೆರೆಮನೆ ಕೈಪಿಡಿಗಳು ಅಲೆಮಾರಿ ಪಂಗಡದವರನ್ನು ಹುಟ್ಟಿನಿಂದಲೇ ಆ ಪಟ್ಟಿಗೆ ಸೇರಿಸುತ್ತ ಬಂದವು. 2024ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಅಂತಹ ನಿಯಮಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಬೇಕಾಯಿತು. ಕಾಯಿದೆ ಸತ್ತು ಎಪ್ಪತ್ತೆರಡು ವರ್ಷಗಳಾದ ಮೇಲೆ!

ಇಂದು ಅದೇ ವಾದವು ಜೀನುಗಳ ಹೆಸರಿನಲ್ಲಿ ಮರಳಿ ಬಂದರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈತನು ಮಾಡಿದ್ದೇನು? ಪೋಲೀಸು ಠಾಣೆಯ ದಫ್ತರವೂ ಇದೊಂದನ್ನೇ ಕೇಳತಕ್ಕದ್ದು. ಈತನು ಯಾರ ಮಗನೆಂದು ಕೇಳುವ ಹಕ್ಕು ಯಾವ ಸರಕಾರಕ್ಕೂ ಇಲ್ಲ.